ಗಾಳಿತೊಟ್ಟಿಯ ಮುಚ್ಚಳ

ಬಿಸಿಲೇರಿತು, ಕಪ್ಪು ಹಾಳೆಗಳು ಬೆವರತೊಡಗಿದವು. ಕರೇಕಲ್ಲಹಟ್ಟಿಯ ಗುಡ್ಡದ ಇಳಿಜಾರಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಆ ಹಾಳೆಗಳಿಗೆ ಒಂದು ಪುಡಿ ಬಳಿದಿತ್ತು. ಅದರ ಒಂದೊಂದು ಕಣದೊಳಗೂ ಲಕ್ಷಗಟ್ಟಲೆ ಸೂಕ್ಷ್ಮ ಕೋಣೆಗಳು. ರಾತ್ರಿಯ ತಂಪಿಗೆ ಗಾಳಿಯ ತೇವ ಆ ಕೋಣೆಗಳೊಳಗೆ ಹೊಕ್ಕು ಕೂರುತ್ತಿತ್ತು. ಹಗಲಿನ ಕಾವಿಗೆ ಆವಿಯಾಗಿ ಹೊರಬಂದು, ನೆರಳಿನಲ್ಲಿಟ್ಟ ತಗಡಿಗೆ ತಾಗಿ ನೀರಾಗಿ, ಕೊಳವೆಯಲ್ಲಿ ಇಳಿದು ಕೆಳಗಿನ ಉದ್ದನೆಯ ತೊಟ್ಟಿಗೆ ಬೀಳುತ್ತಿತ್ತು. ಬೋರ್‌ವೆಲ್ ಇಲ್ಲ, ಪಂಪಿಲ್ಲ, ಕರೆಂಟಿನ ಹಂಗೂ ಇಲ್ಲ. ಮೊಳಕಾಲ್ಮುರಿನ ಬಯಲಿನಲ್ಲಿ ಗಾಳಿ ಹಿಂಡಿ ನೀರು ತೆಗೆದ ಈ ಯಂತ್ರಕ್ಕೆ ಹಟ್ಟಿಯವರು ತಾವೇ ‘ಗಾಳಿತೊಟ್ಟಿ’ ಎಂದು ಹೆಸರಿಟ್ಟಿದ್ದರು.

ಇದನ್ನು ಕಂಡುಹಿಡಿದ ವಿಜ್ಞಾನಿ ಶಾಂಭವಿ, ತೊಟ್ಟಿ ಕೂರಿಸುವಾಗ ತಾನೂ ಕೈ ಕೆಸರು ಮಾಡಿಕೊಂಡಿದ್ದಳು. ನೀರು ಕಾಯದಿರಲೆಂದು ತೊಟ್ಟಿಯನ್ನು ಮೊಣಕಾಲುದ್ದ ನೆಲದಲ್ಲಿ ಹೂತು, ಗೊರಸಿಗೆ ಸಿಕ್ಕಿ ನೆಲ ರೊಚ್ಚೆಯಾಗದಿರಲೆಂದು ಸುತ್ತ ಕಲ್ಲುಚಪ್ಪಡಿ ಹಾಸಿ, ತುಂಬಿದಾಗ ತಾನಾಗಿ ನೀರು ನಿಲ್ಲುವಂತೆ ತೇಲುಬುರುಡೆ ಕಟ್ಟಿದ್ದಳು. ಎಲ್ಲ ಸರಿ, ಆದರೆ ಮೇಲೊಂದು ಮುಚ್ಚಳವಿತ್ತು.

ಆ ಮುಚ್ಚಳ ಅವಳದ್ದಲ್ಲ, ಜಲಮಂಡಳಿಯದ್ದು. ಅಷ್ಟರಲ್ಲಾಗಲೇ ಗಾಳಿಯ ತೇವವೂ ಮಂಡಳಿಯ ಆಸ್ತಿ ಎಂದು ಕಾನೂನಾಗಿತ್ತು. ಕಿವಿಗೆ ಚಿಪ್ ಚುಚ್ಚಿಸಿ ನೋಂದಾಯಿಸಿದ ದನ ಬಂದರೆ ಮುಚ್ಚಳ ತೆರೆಯಬೇಕು. ಬೇರೆ ಯಾವ ಬಾಯಿ ಬಂದರೂ ಮುಚ್ಚಿಕೊಳ್ಳಬೇಕು. ಇದಕ್ಕೆ ಒಪ್ಪದಿದ್ದರೆ ತೊಟ್ಟಿ ಕೂರಿಸಲು ಅನುಮತಿಯೇ ಇಲ್ಲ ಎಂದರು. ಶಾಂಭವಿ ಹಲ್ಲು ಕಚ್ಚಿ ಒಪ್ಪಿದ್ದಳು.

ಅವತ್ತು ಮೊದಲ ಸಲ ಹಿಂಡು ಬಂತು. ಗೋಕಟ್ಟೆ ಒಣಗಿ ಬಿರುಕು ಬಿಟ್ಟಿತ್ತು. ಹಿಂದಿನ ದಿನದಿಂದ ದನಗಳು ಒಂದು ಹನಿ ನೀರು ಕಂಡಿರಲಿಲ್ಲ. ಕರುಗಳಂತೂ ಕಾಲೆಳೆದುಕೊಂಡು ಬರುತ್ತಿದ್ದವು. ಮುಂದೆ ನಡೆಯುತ್ತಿದ್ದದ್ದು ದೊಡ್ಡಯ್ಯ, ಹಟ್ಟಿಯವರು ದೇವರಿಗೆ ಬಿಟ್ಟ ಎತ್ತು. ಅದಕ್ಕೆ ನೊಗವಿಲ್ಲ, ಮೂಗುದಾರವಿಲ್ಲ. ಮೈಗೆ ಕಬ್ಬಿಣ ಸೋಕುವಂತಿಲ್ಲ. ಹಿಂಡು ಕಾಯುವ ಕಿಲಾರಿ ಪಾಲಯ್ಯ ಉಳಿದ ದನಗಳಿಗೆಲ್ಲ ಚಿಪ್ ಹಾಕಿಸಿದ್ದ. ಇದೊಂದಕ್ಕೆ ಮಾತ್ರ ಜಪ್ಪಯ್ಯ ಅಂದರೂ ಬಿಟ್ಟಿರಲಿಲ್ಲ. ಒಂದು ತಾನೇ, ಹೋಗಲಿ ಎಂದು ಶಾಂಭವಿಯೂ ಸುಮ್ಮನಾಗಿದ್ದಳು. ತಪ್ಪಾದದ್ದು ಅಲ್ಲೇ.

ದೊಡ್ಡಯ್ಯ ತೊಟ್ಟಿಗೆ ಮೂತಿ ಚಾಚಿತು. ಟಪ್ಪನೆ ಮುಚ್ಚಳ ಬಿತ್ತು. ಅದು ಬೆಚ್ಚಿ ಹಿಂದೆ ಸರಿದು ನಿಂತಿತು. ಚಿಪ್ ಇದ್ದ ಹಸುವೊಂದು ಪಕ್ಕಕ್ಕೆ ಬಂದಾಗ ಮುಚ್ಚಳ ತೆರೆಯಿತು, ನೀರು ಥಳಥಳ ಎಂದಿತು. ಹಸು ಮೂಸಿತೇ ಹೊರತು ಬಾಯಿ ಹಾಕಲಿಲ್ಲ. ಇನ್ನೊಂದೂ ಹಾಗೆಯೇ. ದೊಡ್ಡಯ್ಯ ಕುಡಿದ ಮೇಲೆಯೇ ಕುಡಿಯಬೇಕೆಂಬುದು ಈ ಹಿಂಡು ಹುಟ್ಟಿದಂದಿನಿಂದ ಕಲಿತ ರೂಢಿ. ಇಡೀ ಹಿಂಡು ನೀರಿನ ಮುಂದೆ ನಾಲಿಗೆ ಚಾಚಿ ನಿಂತುಬಿಟ್ಟಿತು.

ತೊಟ್ಟಿ ಪರೀಕ್ಷಿಸಲು ಬಂದಿದ್ದ ಮಂಡಳಿಯ ಅಧಿಕಾರಿ ನರೋತ್ತಮ ಜೀಪಿನಿಂದ ಚಿಪ್ ಚುಚ್ಚುವ ಇಕ್ಕಳ ತಂದ. “ಇಷ್ಟೇ ತಾನೇ? ಕೆಡವಿ ಹಿಡ್ಕೊಳ್ಳಿ, ಒಂದು ನಿಮಿಷದ ಕೆಲಸ.”

ಪಾಲಯ್ಯ ಅಡ್ಡ ಬಂದು ನಿಂತ. ರುಮಾಲು ತೆಗೆದು ಕಿವಿ ಮುಂದೆ ಮಾಡಿದ. “ನನ್ ಕಿವಿ ಐತೆ, ಚುಚ್ಚಪ್ಪ. ಎಲ್ಡೂ ಚುಚ್ಚು. ಅದ್ರ ಮೈ ಮುಟ್ಟಿದ್ರೆ ಮಾತ್ರ ಸುಮ್ಕಿರಾಕಿಲ್ಲ.”

“ದನಗಳು ಸಾಯ್ತವೆ ಕಣ್ರೀ!”

“ಸಾಯಿಸ್ತಿರಾದು ನಾನಲ್ಲ, ನಿನ್ ಮುಚ್ಚಳ.”

ಶಾಂಭವಿ ಪಾಲಯ್ಯನ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: “ಅಜ್ಜಾ, ಹಸು ಬಂದಾಗ ಮುಚ್ಚಳ ತೆರೆಯುತ್ತಲ್ಲ, ಆಗ ಒಂದು ಬಕೆಟ್ ಮೊಗೆದು ದೊಡ್ಡಯ್ಯನಿಗೆ ಇಟ್ಟುಬಿಡಿ. ಇವರಿಗೆ ನಾನು ಏನಾದ್ರೂ ಹೇಳ್ಕೋತೀನಿ.”

ಪಾಲಯ್ಯ ಅವಳನ್ನೇ ದಿಟ್ಟಿಸಿದ. “ಏನವ್ವಾ, ಕದ್ದು ಕುಡಿಸ್ಲಾ? ದ್ಯಾವ್ರ ಎತ್ತಿಗೆ ಕಳವಿನ ನೀರಾ? ಗಾಳಿ ಇವ್ರಪ್ಪಂದಾ, ಕದಿಯಾಕೆ? ತಲೆ ಎತ್ತಿ ಕುಡುದ್ರೆ ಕುಡೀಲಿ. ಇಲ್ದಿದ್ರೆ ನಾನೂ ಇವುಗಳ ಜೊತೆ ಇಲ್ಲೇ ಕುಂದರ್ತೀನಿ.” ಹೇಳಿದವನೇ ಚಪ್ಪಡಿಯ ಮೇಲೆ ಕೂತ.

ಅವಳ ಮುಖಕ್ಕೆ ಯಾರೋ ರಪ್ಪನೆ ಬಡಿದಂತಾಯಿತು. ಗಾಳಿಯಲ್ಲಿ ತೇವ ಇದೆ, ಅದನ್ನು ಹಿಡಿಯಬಹುದು ಎಂದು ತೋರಿಸಿದವಳು ತಾನು. ಅದನ್ನು ಕದಿಯುವ ಉಪಾಯ ಹೇಳಿಕೊಡುತ್ತಿರುವವಳೂ ತಾನೇ! ಥೂ, ಇದೆಂಥ ಬಾಳು ಎಂದು ತನ್ನ ಮೇಲೇ ರೇಗಿತು. ಚೀಲದಿಂದ ಸ್ಪ್ಯಾನರ್ ತೆಗೆದುಕೊಂಡು ಹೋಗಿ ತೊಟ್ಟಿಯ ಪಕ್ಕ ಮೊಣಕಾಲೂರಿದಳು.

“ಮೇಡಂ, ಏನ್ ಮಾಡ್ತಿದೀರಿ? ಅದು ಮಂಡಳಿ ಆಸ್ತಿ!”

“ಮುಚ್ಚಳ ತಾನೇ? ಬಿಚ್ಚಿ ಕೊಡ್ತೀನಿ, ತಗೊಂಡು ಹೋಗಿ.”

“ಕುರಿ, ನಾಯಿ, ನರಿ, ಕಂಡಕಂಡದ್ದೆಲ್ಲ ಬಂದು ಕುಡಿಯುತ್ತೆ!”

“ಬಾಯಾರಿಕೆ ಆದದ್ದು ಕುಡಿಯುತ್ತೆ. ನಿಮಗೂ ಬೇಕಿದ್ರೆ ಕುಡೀರಿ.”

“ನಿಮ್ಮ ಲೈಸೆನ್ಸ್ ಹೋಗುತ್ತೆ. ಇನ್ನೊಂದು ತೊಟ್ಟಿ ಕೂರಿಸೋಕಾಗಲ್ಲ, ನೆನಪಿರಲಿ.”

ಆ ಮಾತಿಗೆ ಅವಳ ಕೈ ಒಂದು ಗಳಿಗೆ ತಡೆಯಿತು. ಹದಿನಾರು ವರ್ಷದ ದುಡಿಮೆ ಅದು. ಆಮೇಲೆ ಕೊನೆಯ ನಟ್ಟೂ ತಿರುಗಿತು. ಮುಚ್ಚಳವನ್ನು ಎತ್ತಿ ಅವನ ಜೀಪಿನ ಹಿಂದಕ್ಕೆ ಧಡಾರನೆ ಎಸೆದಳು. ದೊಡ್ಡಯ್ಯ ಅನುಮಾನಿಸುತ್ತ ಬಂದು ಮೂತಿ ಅದ್ದಿತು. ಹಿಂಡು ನುಗ್ಗಿತು. ಕರುಗಳ ಗಂಟಲಲ್ಲಿ ನೀರಿಳಿಯುವ ಗುಟುಕು ಗುಟುಕು ಸದ್ದು ಕೇಳಿ ಪಾಲಯ್ಯ ಮಗುವಿನಂತೆ ನಕ್ಕ. ಅವೆಲ್ಲ ಕುಡಿದಾದ ಮೇಲೆಯೇ ತಾನು ಬೊಗಸೆಯೊಡ್ಡಿದ.

ಶಾಂಭವಿಯ ಲೈಸೆನ್ಸ್ ಹೋಯಿತು. ಅವಳು ಪುಡಿ ತಯಾರಿಸುವ ವಿಧಾನವನ್ನು ಬಚ್ಚಿಡದೆ ಎಲ್ಲರಿಗೂ ಹೇಳಿಕೊಟ್ಟಳು. ವರ್ಷ ತಿರುಗುವುದರೊಳಗೆ ಹಟ್ಟಿಹಟ್ಟಿಗಳಲ್ಲಿ ಮುಚ್ಚಳವಿಲ್ಲದ ತೊಟ್ಟಿಗಳು ಎದ್ದವು. ಮಂಡಳಿ ಕೇಸು ಹಾಕಿತು. ಶಾಂಭವಿಯೂ ಪಾಲಯ್ಯನೂ ಕಟಕಟೆಯಲ್ಲಿ ನಿಂತರು. ಗಾಳಿಯಲ್ಲಿರುವ ನೀರಿಗೆ ಒಡೆಯರು ಹೇಗಾದಿರಿ ಎಂದು ನ್ಯಾಯಾಧೀಶರು ಕೇಳಿದಾಗ ಮಂಡಳಿಯ ವಕೀಲ ತಡವರಿಸಲಿಲ್ಲ. ಹಳೆಯದೊಂದು ಪ್ಲಾಸ್ಟಿಕ್ ಬಾಟಲಿಯನ್ನು ಮೇಜಿನ ಮೇಲಿಟ್ಟ.

“ಸ್ವಾಮಿ, ಈ ಶತಮಾನದ ಮೊದಲ ದಶಕಗಳ ವಸ್ತು ಇದು. ಭೂಮಿಯ ನೀರನ್ನು ಹೀಗೆ ತುಂಬಿ, ಮುಚ್ಚಿ, ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದರು. ಜನ ಕೊಂಡು ಕುಡಿದರು, ಯಾರೂ ತಕರಾರು ತೆಗೆಯಲಿಲ್ಲ. ನೆಲದ ನೀರಿಗೆ ಸರಿಯಾದದ್ದು ಗಾಳಿಯ ನೀರಿಗೆ ಯಾಕಾಗಬಾರದು?”

ಪಾಲಯ್ಯ ಕಟಕಟೆಯ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಅವ್ರು ಸುಮ್ಕಿದ್ರು ಅಂತ ನಾವೂ ಸುಮ್ಕಿರ್ಬೇಕಾ ಸ್ವಾಮಿ?”

ತೀರ್ಪು ಇನ್ನೂ ಬಂದಿಲ್ಲ. ಪಾಲಯ್ಯ ‘ಅವ್ರು’ ಎಂದದ್ದು ಇವತ್ತು ಆ ಬಾಟಲಿ ಕೊಂಡು ಕುಡಿಯುತ್ತಿರುವ ನಮ್ಮನ್ನು.