ಬಾಗಿಲ ಕಡೆ ಬಾಗಿದ ಬಿದಿರು

"ಇದು ನನ್ನ ಗಿಡ ಅಲ್ಲ."

ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಲೆನ್ಸ್ ಉಜ್ಜುತ್ತಿದ್ದವನು ಮಷೀನು ನಿಲ್ಲಿಸಿದ. ಎದುರಿಗೆ ಕಣ್ಣು ಪರೀಕ್ಷೆಯ ಮೇಡಂ. ಹೆಗಲಿನ ಬ್ಯಾಗನ್ನೂ ಇಳಿಸದೆ, ನೀರಲ್ಲೇ ಬೆಳೆಯುವ ಲಕ್ಕಿ ಬ್ಯಾಂಬೂ ಇದ್ದ ಗಾಜಿನ ಜಾಡಿ ಹಿಡಿದು ನಿಂತಿದ್ದಳು. ಅಕ್ಕನ ಹೆರಿಗೆಗೆಂದು, ಗಿಡವನ್ನು ಅವನಿಗೆ ಒಪ್ಪಿಸಿ ರಜೆ ಹಾಕಿ ಹೋದವಳು ಅವತ್ತಷ್ಟೇ ಕೆಲಸಕ್ಕೆ ಮರಳಿದ್ದಳು.

"ಅದೇ ಅಲ್ವಾ?" ಎಂದ. ಕಣ್ಣು ಮಾತ್ರ ಅವಳ ಕಡೆ ಏಳಲಿಲ್ಲ.

"ನನ್ನ ಗಿಡ ಬಾಗಿಲ ಕಡೆ ಬಾಗಿತ್ತು. ಕಿಟಕಿ ಇಲ್ಲದ ರೂಮು, ಬೆಳಕು ಬರೋದೇ ಆ ಕಡೆಯಿಂದ. ಇದು ನೋಡಿ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನಿಂತಿದೆ. ದಿನವಿಡೀ ಬೇರೆಯವರ ಕಣ್ಣು ನೋಡೋಳಿಗೆ ಇಷ್ಟೂ ಕಾಣಲ್ಲ ಅಂದ್ಕೊಂಡ್ರಾ?"

ಅವನು ಒಪ್ಪಿಕೊಂಡ. ಪಾಪ, ಕತ್ತಲಲ್ಲಿದೆಯಲ್ಲ ಎಂದು ಗಿಡವನ್ನು ಶೋಕೇಸಿನ ಬಿಸಿಲಿಗೆ ಇಟ್ಟಿದ್ದ. ಎಲೆಗಳ ತುದಿ ಸುಟ್ಟಿತು. ಗಾಬರಿಯಾಗಿ ಗೊಬ್ಬರ ಸುರಿದ. ನೀರು ನಾರತೊಡಗಿತು, ಕಾಂಡ ಹಳದಿಯಾಗಿ ಬುಡ ಮೆತ್ತಗಾಯಿತು. ಕೊನೆಗೆ ಅಂಥದ್ದೇ ಇನ್ನೊಂದನ್ನು ತಂದು ಅದೇ ಜಾಗದಲ್ಲಿ ಇಟ್ಟುಬಿಟ್ಟ.

"ಗೊಬ್ಬರ ಹಾಕಿದ್ರಾ? ವಾರಕ್ಕೊಮ್ಮೆ ನೀರು ಬದಲಾಯಿಸಿ ಅಂದಿದ್ದೆ. ನಲ್ಲಿ ನೀರನ್ನ ಒಂದು ರಾತ್ರಿ ಹಾಗೇ ಬಿಟ್ಟು ಆಮೇಲೆ ಹಾಕಿ ಅಂದಿದ್ದೆ. ಬೇರೇನಾದ್ರೂ ಹೇಳಿದ್ನಾ ನಾನು?"

"ತಪ್ಪಾಯ್ತು. ಆದ್ರೆ ಇದೂ ಚೆನ್ನಾಗೇ ಇದೆ ಅಲ್ವಾ, ಇನ್ನೂ ಹಸಿರಾಗಿ..."

ಬೆಂಕಿಗೆ ತುಪ್ಪ ಸುರಿದಂತಾಯಿತು.

"ಗಿಡ ಸತ್ರೆ ಸಾಯ್ಲಿ. ಅದನ್ನ ಮುಚ್ಚಿಟ್ಟು, ನನ್ನ ಮುಂದೆ ಇನ್ನೊಂದು ತಂದಿಟ್ಟು, ಏನೂ ಆಗಿಲ್ಲ ಅನ್ನೋ ಹಾಗೆ ಕೂತಿದೀರಲ್ಲ, ಅದಕ್ಕೆ ನನಗೆ ಮೈ ಉರೀತಿರೋದು."

ಯಾಕೆ ಅಷ್ಟು ಉರಿ ಎಂಬುದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳಿಗೆ ನಿಶ್ಚಯವಾಗಿದ್ದ ಹುಡುಗನಿಗೆ ಬೇರೊಬ್ಬಳಿದ್ದದ್ದು ಅವನ ಮನೆಯವರಿಗೆಲ್ಲ ತಿಳಿದಿತ್ತು, ಇವಳೊಬ್ಬಳನ್ನು ಬಿಟ್ಟು. ಉಂಗುರ ವಾಪಸ್ ಕೊಟ್ಟು ಬರುವ ದಾರಿಯಲ್ಲಿ, ಇನ್ನು ಯಾರ ಹಂಗೂ ಬೇಡವೆಂದು ತನಗೆ ತಾನೇ ಕೊಂಡುಕೊಂಡ ಗಿಡ ಅದು.

ಹೊಸ ಜಾಡಿಯನ್ನು ಅವನ ಮಷೀನಿನ ಪಕ್ಕ ಕುಕ್ಕಿ ಹೋದಳು. ಮಾತು ಅಲ್ಲಿಗೆ ನಿಂತಿತು. ಕಣ್ಣಿನ ನಂಬರು ಬರೆದ ಚೀಟಿಗಳನ್ನು ಕಿಂಡಿಯಲ್ಲಿ ತಳ್ಳುವಳು, ಅವನು ಎತ್ತಿಕೊಳ್ಳುವನು, ಅಷ್ಟೇ.

ಆದರೆ ಕನ್ನಡಕದ ಅಂಗಡಿಯಲ್ಲಿ ಕನ್ನಡಿಗಳಿಗೇನು ಬರ. ಅವಳು ಎತ್ತ ತಿರುಗಿದರೂ ಯಾವುದೋ ಒಂದರಲ್ಲಿ ಅವನ ಮುಖ, ಅದರಲ್ಲಿ ಅವಳನ್ನೇ ಕಾಯುತ್ತಿದ್ದ ಎರಡು ಕಣ್ಣು. ನೋಟ ಕೂಡಿದೊಡನೆ ಅವಳು ಕನ್ನಡಿಯನ್ನೇ ಗೋಡೆಯ ಕಡೆ ತಿರುಗಿಸಿಬಿಡುವಳು. ಫ್ರೇಮ್ ಹಾಕಿಕೊಂಡು ಮುಖ ನೋಡಿಕೊಳ್ಳುತ್ತಿದ್ದ ಗಿರಾಕಿ ತಬ್ಬಿಬ್ಬಾಗುವನು.

ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದಾಗ, ಅವನು ಹೇಳದೆ ಕೇಳದೆ ಪರೀಕ್ಷೆಯ ರೂಮಿಗೆ ಬಂದು ಕುರ್ಚಿಯಲ್ಲಿ ಕೂತ.

"ಹೊರಗೆ ಹೋಗಿ," ಎಂದಳು.

"ಹೋಗಲ್ಲ. ನಾನು ಮಾಡಿದ್ದು ತಪ್ಪು. ಆದ್ರೆ ನನ್ನನ್ನ ಆ ಮನುಷ್ಯನ ಪಕ್ಕದಲ್ಲಿ ನಿಲ್ಲಿಸ್ಬೇಡಿ. ನೀವು ಅಳೋದನ್ನ ನೋಡೋಕಾಗಲ್ಲ ಅಂತ ಮುಚ್ಚಿಟ್ಟೆ."

"ನಾನು ಅಳ್ತೀನೋ ಬಿಡ್ತೀನೋ, ನಿಮಗ್ಯಾಕೆ?"

ಈಗ ಅವನಿಗೂ ರೇಗಿತು. "ಗಿಡ ಯಾವ ಕಡೆ ಬಾಗಿದೆ ಅಂತ ಕಾಣುತ್ತೆ ನಿನಗೆ. ಇಷ್ಟು ವರ್ಷದಿಂದ ಪಕ್ಕದ ರೂಮಲ್ಲಿ ಒಬ್ಬ ಯಾವ ಕಡೆ ಬಾಗಿದಾನೆ ಅನ್ನೋದು ಮಾತ್ರ ಕಾಣಲ್ಲ."

ಸಿಟ್ಟಿನ ಭರದಲ್ಲಿ 'ನೀವು' ಜಾರಿ 'ನೀನು' ಆಗಿತ್ತು. ಇಬ್ಬರಿಗೂ ಕೇಳಿಸಿತು. ಯಾರೂ ತಿದ್ದಲಿಲ್ಲ.

ಅವಳ ಕಿವಿ ಬಿಸಿಯಾಯಿತು. "ಇನ್ನೂ ಏನಾದ್ರೂ ಮುಚ್ಚಿಟ್ಟಿದೀರಾ?"

"ಕೊಳೆಯದೆ ಉಳಿದಿದ್ದ ತುದಿ ಕತ್ತರಿಸಿ ಮನೇಲಿ ನೀರಲ್ಲಿಟ್ಟಿದೀನಿ. ಬೇರು ಬರುತ್ತೋ ಇಲ್ವೋ ಗೊತ್ತಿಲ್ಲ."

"ಬಂದ್ರೂ ಹೇಳ್ಬೇಕು, ಬರದಿದ್ರೂ ಹೇಳ್ಬೇಕು. ನಾನು ಅಳ್ತೀನಿ, ಬಯ್ತೀನಿ, ಅದು ನನ್ನ ಇಷ್ಟ. ನನಗೆ ಏನು ತಿಳೀಬೇಕು, ಏನು ತಿಳೀಬಾರ್ದು ಅಂತ ಇನ್ನೊಬ್ಬರು ತೀರ್ಮಾನ ಮಾಡಿದ್ದು ಸಾಕಾಗಿದೆ ನನಗೆ."

ಅವನು ತಲೆಯಾಡಿಸಿ ಎದ್ದು ಹೋದ. ಆ ದಿನ ಅವಳು ಯಾವ ಕನ್ನಡಿಯನ್ನೂ ತಿರುಗಿಸಲಿಲ್ಲ. ಹಾಗೆಂದು ನಗಲೂ ಇಲ್ಲ.

ಮುಂದಿನ ರಜೆಯ ದಿನ ಬೆಳಿಗ್ಗೆ ಅವನ ಫೋನು ಬಂತು.

"ಹಳದಿಯಾಗಿದೆ," ಎಂದ. "ಮುಟ್ಟಿದ್ರೆ ಮೆತ್ತಗಿದೆ. ಇದು ಉಳಿಯಲ್ಲ. ಅಮ್ಮನಿಗೂ ಇನ್ನೂ ಹೇಳಿಲ್ಲ, ಮೊದಲು ನಿನಗೇ ಹೇಳ್ತಿದೀನಿ."

ಅವಳು ಅತ್ತಳು. ಆಮೇಲೆ ಬೈದಳು. ಬಿಸಿಲಿಗೆ, ಗೊಬ್ಬರಕ್ಕೆ, ಅವನ ಕೈಗುಣಕ್ಕೆ, ಉಂಗುರ ತೊಡಿಸಿದವನಿಗೆ, ಅವನ ಮನೆಮಂದಿಗೆಲ್ಲ. ಅಷ್ಟು ಕಾಲ ಯಾರ ಮುಂದೆಯೂ ಆಡದೆ ನುಂಗಿಕೊಂಡಿದ್ದ ಮಾತೆಲ್ಲ ಹೊರಬಂತು. ಅವನು ಎಲ್ಲಕ್ಕೂ ಹೂಂ ಎನ್ನುತ್ತಿದ್ದ, ಫೋನು ಇಡಲಿಲ್ಲ.

"ಅದನ್ನ ಎಸೀಬೇಡ," ಎಂದಳು ಕೊನೆಗೆ. "ನಾನೇ ಬಂದು ನೋಡ್ತೀನಿ."

"ಈಗ್ಲಾ? ಅಮ್ಮ ಮನೇಲೇ ಇದಾರೆ. ಯಾರು ಅಂತ ಕೇಳ್ತಾರೆ. ಏನು ಹೇಳ್ಲಿ?"

ಅವಳು ಮೂಗು ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ಇದ್ದದ್ದು ಇದ್ದ ಹಾಗೆ ಹೇಳು."