ಮೂರನೇ ಹಾಡಿನ ನಗು

ಆ ಆಲ್ಬಮ್ಮನ್ನು ಅವನೇ ಎತ್ತಿಕೊಂಡಾಗ ಅವಳ ಎದೆ ಧಸಕ್ಕೆಂದಿತು. ಅವನೇ ಎತ್ತಿಕೊಳ್ಳಲಿ ಎಂದು ಅವನು ನಿಲ್ಲುವ ಮೂಲೆಯಲ್ಲಿ ಅದನ್ನು ಇಟ್ಟವಳೂ ಅವಳೇ.

ಪರದೆ ಬಟ್ಟೆ ಮಾರುವ ಅಂಗಡಿಯ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ. ತಿಂಗಳಿಗೊಂದು ಶನಿವಾರ ಸಂಜೆ ಅಲ್ಲಿ ಹತ್ತು ಹದಿನೈದು ಜನ ಸೇರುತ್ತಿದ್ದರು. ಎಲ್ಲರಿಗೂ ಜಾಝ್ ಮತ್ತು ಬ್ಲೂಸ್ ಹುಚ್ಚು, ಎಲ್ಲರ ಬಗಲಲ್ಲೂ ಒಂದೊಂದು ಹಳೆಯ ರೆಕಾರ್ಡು. ತಂದದ್ದನ್ನು ಮೇಜಿನ ಮೇಲಿಡಬೇಕು, ಬೇರೆಯವರದ್ದೊಂದನ್ನು ಒಯ್ಯಬೇಕು, ಮುಂದಿನ ತಿಂಗಳು ಹಿಂದಿರುಗಿಸುವಾಗ ಎದ್ದು ನಿಂತು ಏನು ಕೇಳಿಸಿತೆಂದು ಹೇಳಬೇಕು. ಇಷ್ಟೇ ಕಟ್ಟಳೆ. ಹಾಡಿದವರ ಚರಿತ್ರೆ ಬೇಡ, ನುಡಿಸಿದವರ ವಂಶವೃಕ್ಷ ಬೇಡ. ನಿನ್ನ ಕಿವಿಗೆ ಏನು ಬಿತ್ತೋ ಅಷ್ಟು ಹೇಳು, ಸಾಕು.

ಕಟ್ಟಳೆ ಮಾಡಿದವರು ಅಂಗಡಿಯ ಯಜಮಾನರು. ವಯಸ್ಸಿನ ಭೇದವಿಲ್ಲದೆ ಎಲ್ಲರೂ ಅವರನ್ನು ಮಾವ ಎನ್ನುತ್ತಿದ್ದರು. ಮಾವನಿಗೆ ಮಾತ್ರ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ಕೆಲಸ ಹಿಡಿದೇ ಕರೆಯುತ್ತಿದ್ದರು. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂರುವ ಅವಳು ‘ಫಾರ್ಮಸಿ’. ಲಿಫ್ಟುಗಳ ರಿಪೇರಿ ಮಾಡುವ ಅವನು ‘ಲಿಫ್ಟು’.

ಅವನನ್ನು ಅವಳು ಬಹಳ ದಿನಗಳಿಂದ ಗಮನಿಸಿದ್ದಳು. ಗಮನಿಸುವುದು ಅವಳ ಸ್ವಭಾವ. ಮಾತ್ರೆಯ ಪಟ್ಟಿಯನ್ನು ಎರಡೆರಡು ಸಲ ನೋಡದೆ ಕೈ ಬಿಡುವವಳಲ್ಲ, ಮನೆಯ ಬೀಗವನ್ನು ಜಗ್ಗಿ ನೋಡದೆ ಮೆಟ್ಟಿಲಿಳಿಯುವವಳಲ್ಲ. ಅವನು ರೆಕಾರ್ಡು ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಕಪ್ಪು ತಟ್ಟೆಯನ್ನು ಅಂಚಿನಲ್ಲಿ ಹಿಡಿದು, ದೀಪದತ್ತ ಓರೆಯಾಗಿಸಿ, ಒಂದು ಕಣ್ಣು ಮುಚ್ಚಿ ಗೀರುಗಳನ್ನು ನೋಡುತ್ತಿದ್ದ. ಆ ಮುಚ್ಚಿದ ಕಣ್ಣು ತನ್ನ ಕಡೆಗಿರುವಾಗ ಅವಳು ಧೈರ್ಯವಾಗಿ ಅವನನ್ನು ನೋಡುತ್ತಿದ್ದಳು.

“ಇದು ನಿಮ್ಮದಾ?” ಎಂದು ಕೇಳಿದ ಅವನು. ಕವರಿನ ಮೇಲೆ ಹಳದಿ ಸೂಟ್‌ಕೇಸಿನ ಮೇಲೆ ಕೂತ ಹೆಂಗಸಿನ ಬೆನ್ನು. ಮುಖ ಕಾಣದು.

“ನಮ್ಮಪ್ಪಂದು. ಅವರು ಹೋದ ಮೇಲೆ ಮನೆಯಿಂದ ಆಚೆ ಬಂದಿರೋದು ಇದೇ ಮೊದಲು.”

“ಅಯ್ಯೋ, ಹಾಗಾದ್ರೆ ಜೋಪಾನವಾಗಿ ನೋಡ್ಕೋತೀನಿ.”

“ನೋಡ್ಕೊಳ್ಳೋದಕ್ಕಲ್ಲ ಕೊಡ್ತಿರೋದು. ಕೇಳಿ.”

ತನ್ನ ನಾಲಗೆಗೆ ಇಷ್ಟು ಧೈರ್ಯ ಎಲ್ಲಿಂದ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. ಅವನು ನಕ್ಕ. ಕವರಿನ ಹೆಂಗಸಿಗೆ ತಲೆಬಾಗಿ, “ಬನ್ನಿ ಮೇಡಂ, ಹೋಗೋಣ” ಎಂದ.

ಇಡೀ ತಿಂಗಳು ಅವಳಿಗೆ ಒಂದೇ ಕುತೂಹಲ. ಅವನು ಅದನ್ನು ಎಲ್ಲಿ ಕೂತು ಕೇಳುತ್ತಿರಬಹುದು? ಕಿಟಕಿ ತೆರೆದೋ, ಮುಚ್ಚಿಯೋ? ಮೂರನೇ ಹಾಡು ಬಂದಾಗ ಏನು ಮಾಡುತ್ತಾನೆ? ಆ ಹಾಡಿನ ನಡುವೆ ಒಂದು ಕಡೆ ದನಿ ಕಟ್ಟಿಕೊಂಡು, ಪಿಯಾನೊ ಒಂದೇ ಮುಂದೆ ಹೋಗಿ, ಹಾಡುವವಳ ಗಂಟಲಿನಿಂದ ಬಿಕ್ಕಳಿಕೆಯೊಂದು ಒಡೆದು ಬರುತ್ತಿತ್ತು. ಭಾನುವಾರಗಳಲ್ಲಿ ಅಪ್ಪ ಮಗಳು ಜೊತೆಗೆ ಕೂತು ಅದನ್ನು ಕೇಳುವಾಗ, ಎಷ್ಟೇ ಆಸಕ್ತಿಯಿಂದ ಓದುತ್ತಿದ್ದರೂ ಆ ಗಳಿಗೆಗೆ ಸರಿಯಾಗಿ ಅಪ್ಪ ಪೇಪರು ಕೆಳಗಿಟ್ಟು ಮಗಳ ಮುಖ ನೋಡುತ್ತಿದ್ದರು.

ಮುಂದಿನ ತಿಂಗಳ ಶನಿವಾರ ಅವನು ಎದ್ದು ನಿಂತ.

“ನನಗೆ ಕೇಳಿಸಿದ್ದು ಇಷ್ಟು. ಯಾರೋ ಒಬ್ಬ ಹುಡುಗಿ ಮನೆ ಬಿಟ್ಟು ಹೊರಟಿದಾಳೆ. ಬೇಜಾರಿಗಲ್ಲ, ಊರು ನೋಡೋ ಆಸೆಗೆ. ಅಕ್ಕನ ಮಗಳನ್ನ ಎತ್ಕೊಂಡು ಕುಣಿದುಬಿಟ್ಟೆ. ಕೆಳಗಿನ ಮನೆಯವರು ಬಂದು ಬಾಗಿಲು ಬಡಿದ್ರು.”

ಎಲ್ಲರೂ ನಕ್ಕರು. ಅವಳ ಕಿವಿ ಬಿಸಿಯಾಯಿತು. ಅಪ್ಪನ ಅಷ್ಟೂ ಭಾನುವಾರಗಳನ್ನು ಯಾರೋ ಎತ್ತಿಕೊಂಡು ಕುಣಿಸಿದ ಹಾಗಾಯಿತು.

“ಕೇಳದೇ ಬಂದು ಹೇಳಬಾರದು” ಎಂದಳು.

ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಆರೋಪ ಇರಲಿಲ್ಲ. ಗೀರು ಬೀಳಿಸಿ ತಂದವರನ್ನೂ ಮಾವ ಕ್ಷಮಿಸಿದ್ದುಂಟು. ಕೇಳದೆ ಕಥೆ ಕಟ್ಟಿದವನೊಬ್ಬನಿಗೆ ಮಾತ್ರ ಬಾಗಿಲು ತೋರಿಸಿದ್ದರು.

“ಫಾರ್ಮಸಿ, ಅದು ದೊಡ್ಡ ಮಾತಮ್ಮ” ಎಂದರು ಮಾವ.

ಅವನ ಮುಖದ ನಗು ಮೆಲ್ಲಗೆ ಇಳಿಯಿತು. “ಮೂರನೇ ಹಾಡಿನ ಮಧ್ಯೆ ಆ ಹುಡುಗಿ ಹಾಡೋದು ನಿಲ್ಲಿಸಿ ನಗ್ತಾಳೆ. ಅದು ಎಷ್ಟು ಸಲ ಕೇಳಿದೀನಿ ಅಂತ ನನಗೇ ಗೊತ್ತಿಲ್ಲ.”

“ಹುಡುಗಿಯಲ್ಲ, ವಯಸ್ಸಾದವಳು. ಅದು ನಗು ಅಲ್ಲ. ಅಳು.”

ಅವನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ತಂದಿದ್ದ ರೆಕಾರ್ಡನ್ನು ಅವಳ ಮುಂದಿಟ್ಟು, ಮೇಜಿನಿಂದ ಏನನ್ನೂ ಎತ್ತಿಕೊಳ್ಳದೆ ಮೆಟ್ಟಿಲಿಳಿದು ಹೋದ. ಏನೂ ಒಯ್ಯದವನು ಮುಂದಿನ ತಿಂಗಳು ಬರಬೇಕಾದ ಅಗತ್ಯವಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಅವಳಿಗೆ ಎಲ್ಲರಿಗಿಂತ ಚೆನ್ನಾಗಿ.

ಮನೆಯಲ್ಲಿ ಅಮ್ಮ ಬಟಾಣಿ ಸುಲಿಯುತ್ತಿದ್ದರು.

“ಏನೇ, ಮುಖ ಯಾಕೆ ಊದಿಸ್ಕೊಂಡಿದೀಯ?”

“ಏನಿಲ್ಲ.”

“ಈ ಏನಿಲ್ಲಕ್ಕೆ ಮೀಸೆ ಇದೆಯಾ?”

“ಅಮ್ಮಾ!”

ಅವಳು ಕೋಣೆಗೆ ಹೋಗಿ ರೆಕಾರ್ಡು ಹಾಕಿ ಮುಳ್ಳು ಇಳಿಸಿದಳು. ಬಿಕ್ಕಳಿಕೆ ಇದ್ದ ಕಡೆಯೇ ಇತ್ತು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅವನು ಸುಳ್ಳು ಹೇಳುವವನ ಹಾಗೆ ನಿಂತಿರಲಿಲ್ಲ. ಚೀಟಿಯಲ್ಲಿರುವ ಮಾತ್ರೆಗೂ ಕೈಯಲ್ಲಿರುವ ಮಾತ್ರೆಗೂ ಬಣ್ಣ ತುಸು ಬೇರೆಯಾದಾಗ ಕೌಂಟರಿನಲ್ಲಿ ಅವಳೊಳಗೊಂದು ಗಂಟೆ ಹೊಡೆಯುತ್ತಿತ್ತು. ಈಗಲೂ ಹೊಡೆಯಿತು. ರೆಕಾರ್ಡಿನ ನಡುವಿನ ದುಂಡು ಕಾಗದದಲ್ಲಿ ಪ್ರತಿ ಹಾಡಿನ ಅವಧಿಯನ್ನು ಸಣ್ಣಕ್ಷರದಲ್ಲಿ ಅಚ್ಚು ಹಾಕಿದ್ದರು. ಇಷ್ಟು ವರ್ಷ ಅದನ್ನು ಓದಿದ್ದಳು, ಗಡಿಯಾರ ನೋಡಿರಲಿಲ್ಲ. ಈಗ ನೋಡಿದಳು. ಮುಗಿಯಬೇಕಾದ ಹೊತ್ತಿಗೆ ಹಾಡು ಮುಗಿಯಲಿಲ್ಲ. ಇನ್ನೂ ಅರ್ಧ ನಿಮಿಷ ಕಾಲೆಳೆಯಿತು. ಬೇರೆ ರೆಕಾರ್ಡು ಹಾಕಿದಳು. ಅದೂ ಹಾಗೇ. ಇನ್ನೊಂದು. ಅದೂ.

ಮಂಚದ ಅಂಚಿನಲ್ಲಿ ಕುಕ್ಕರಿಸಿದಳು. ಪ್ಲೇಯರು ನಿಧಾನವಾಗಿ ತಿರುಗುತ್ತಿತ್ತು. ಆ ನಿಧಾನದಿಂದಲೇ ದನಿ ದಪ್ಪವಾಗಿತ್ತು, ಹುಡುಗಿ ಮುದುಕಿಯಾಗಿದ್ದಳು, ನಗು ಅಳುವಾಗಿತ್ತು. ಅಂದರೆ ಈ ಎರಡು ವರ್ಷ ಮಾವನ ಮಹಡಿಯಲ್ಲಿ ಎದ್ದು ನಿಂತು ಅವಳು ಹೇಳಿದ್ದೆಲ್ಲ? ಎಲ್ಲರೂ ಗಂಭೀರವಾಗಿ ತಲೆದೂಗಿದ್ದರಲ್ಲ! ನಾಚಿಕೆಯಿಂದ ದಿಂಬಿನಲ್ಲಿ ಮುಖ ಹುದುಗಿಸಿದಳು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ತಣ್ಣಗೆ. ಅಪ್ಪ ಮತ್ತು ತಾನು ಜೊತೆಗೆ ಕೂತು ಕೇಳಿದ್ದೆಲ್ಲ ಬರೀ ಒಂದು ಕೆಟ್ಟ ಮೋಟಾರಿನ ಸದ್ದಾಗಿತ್ತೇ?

ಆ ವಾರವೇ ಆಸ್ಪತ್ರೆಯ ಲಿಫ್ಟಿನ ಮುಂದೆ ‘ರಿಪೇರಿಯಲ್ಲಿದೆ’ ಎಂಬ ಬೋರ್ಡು ಬಿತ್ತು. ಊಟದ ಬಿಡುವಿನಲ್ಲಿ ಅವಳು ಹೋದಳು. ಅವನು ಬಾಗಿಲ ಪಕ್ಕದ ಪೆಟ್ಟಿಗೆಯೊಳಗೆ ತಲೆ ಹಾಕಿದ್ದ.

“ಮೆಟ್ಟಿಲು ಆ ಕಡೆ ಇದೆ” ಎಂದ, ತಿರುಗದೆ.

“ನನಗೆ ಮೆಟ್ಟಿಲು ಬೇಡ.”

ತಲೆ ಹೊರಬಂತು. ಹಣೆಯ ಮೇಲೆ ಒಂದು ಗ್ರೀಸಿನ ಗೆರೆ. ಅದನ್ನೇ ನೋಡುತ್ತ ಅವಳು ಕಲಿತು ತಂದ ಪಾಠದಂತೆ ಒಂದೇ ಉಸಿರಿಗೆ ಹೇಳಿದಳು: “ನೀವು ಸರಿಯಾಗೇ ಕೇಳಿದ್ರಿ. ತಪ್ಪು ನಂದು. ನಮ್ಮನೆ ಪ್ಲೇಯರು ನಿಧಾನ ಓಡ್ತಿದೆ. ಎಲ್ಲರೆದುರು ಅಂದೆ, ಎಲ್ಲರೆದುರೇ ವಾಪಸ್ ತಗೋತೀನಿ. ನೀವು ಬರಬೇಕು.”

ಅವನು ಹಣೆಯ ಗೆರೆಯನ್ನು ತೋಳಿನಿಂದ ಒರೆಸಿಕೊಂಡ. ಆಮೇಲೆ ನಗು ಭುಜದಿಂದ ಶುರುವಾಯಿತು.

“ಅಂದ್ರೆ, ಆ ಸರ್ಕಸ್ ಬ್ಯಾಂಡಿನ ತರ ಇರೋ ಟ್ರಂಪೆಟ್ ಆಲ್ಬಮ್ಮಿಗೆ ನೀವು ‘ಮಂಜಿನಲ್ಲಿ ಹಡಗು ದಾರಿ ತಪ್ಪಿದ ಹಾಗೆ’ ಅಂದಿದ್ದು...”

“ದಯವಿಟ್ಟು ಹೇಳ್ಬೇಡಿ.”

“ನಾನು ಅದನ್ನ ಒಯ್ದು ಇಡೀ ತಿಂಗಳು ಹಡಗು ಹುಡುಕಿದೀನಿ ಕಣ್ರೀ! ಸಿಗಲೇ ಇಲ್ಲ. ನನ್ನ ಕಿವಿಯೇ ಸರಿಯಿಲ್ಲ ಅಂದ್ಕೊಂಡೆ.”

“ನೀವು ಯಾಕೆ ಅದನ್ನ ಒಯ್ದಿದ್ರಿ?”

ಅವನು ಸ್ಕ್ರೂಡ್ರೈವರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. “ನೀವು ವಾಪಸ್ ಇಟ್ಟದ್ದನ್ನೆಲ್ಲ ನಾನೇ ಅಲ್ವಾ ಒಯ್ತಾ ಇದ್ದಿದ್ದು? ಒಂದೂ ಬಿಟ್ಟಿಲ್ಲ. ನೀವು ನೋಡೇ ಇಲ್ವಾ?”

ಎಲ್ಲವನ್ನೂ ಗಮನಿಸುವವಳು ಇದೊಂದನ್ನು ನೋಡಿರಲಿಲ್ಲ. ಅವಳು ಲಿಫ್ಟಿನ ಗುಂಡಿ ಒತ್ತಿದಳು.

“ಅದು ಕೆಲಸ ಮಾಡಲ್ಲ” ಎಂದ ಅವನು ಮೆಲ್ಲಗೆ. “ಆದ್ರೆ ನಿಮ್ಮ ಪ್ಲೇಯರು ಮಾಡುತ್ತೆ. ಕೆಳಗಡೆ ಒಂದು ಸ್ಕ್ರೂ ಇರುತ್ತೆ, ತಿರುಗಿಸಿದ್ರೆ ಸರಿಹೋಗುತ್ತೆ. ಭಾನುವಾರ ಬರ್ಲಾ?”

ಬೇಡ ಎನ್ನಬೇಕೆನಿಸಿತು. ಸರಿಹೋದರೆ ಅಪ್ಪನ ಆ ಹಾಡು ಮತ್ತೆಂದೂ ಸಿಗುವುದಿಲ್ಲ. ಸರಿಮಾಡದೇ ಬಿಟ್ಟರೆ ಅವನಿಗೆ ಕೇಳಿಸಿದ್ದು ತನಗೆಂದೂ ಕೇಳಿಸುವುದಿಲ್ಲ. ಅವಳು “ಬನ್ನಿ” ಎಂದಳು.

ಭಾನುವಾರ ಅಮ್ಮ ಬಾಗಿಲು ತೆರೆದು ಅವನನ್ನು ತಲೆಯಿಂದ ಕಾಲಿನ ತನಕ ನೋಡಿದರು.

“ಬನ್ನಿಪ್ಪ. ಆ ‘ಏನಿಲ್ಲ’ ಅನ್ನೋರು ನೀವೇನಾ?”

“ಏನಮ್ಮ?”

“ಏನಿಲ್ಲ” ಎಂದರು ಅಮ್ಮ, ಮಗಳ ಕೆಂಪಾದ ಮುಖ ನೋಡಿ.

ಅವನು ನೆಲದ ಮೇಲೆ ಟವೆಲ್ಲು ಹಾಸಿ, ತಟ್ಟೆ ತೆಗೆದು, ಪ್ಲೇಯರನ್ನು ಮಗುವನ್ನು ಮಗ್ಗುಲಾಗಿಸುವ ಹಾಗೆ ಮೆಲ್ಲಗೆ ಬೋರಲು ಮಾಡಿದ. ಟಾರ್ಚು ಹಾಕಿದ. ಸ್ಕ್ರೂಡ್ರೈವರು ಹಿಡಿದ ಕೈ ಹಾಗೇ ನಿಂತಿತು.

“ಇಲ್ಲಿ ನೋಡಿ.”

ಅವಳು ಬಗ್ಗಿದಳು. ಸಣ್ಣ ಸ್ಕ್ರೂವಿನ ತಲೆಯ ಮೇಲೆ ಒಂದು ಕೆಂಪು ಬೊಟ್ಟು. ಒಣಗಿ ಗಟ್ಟಿಯಾಗಿ, ಇನ್ನೂ ಹೊಳೆಯುತ್ತಿತ್ತು.

“ನಾನು ಅಂದಿದ್ದು ತಪ್ಪು. ಇದು ಕೆಟ್ಟಿಲ್ಲ” ಎಂದ ಅವನು. “ಯಾರೋ ಬೇಕು ಅಂತಲೇ ಇಷ್ಟಕ್ಕೆ ನಿಲ್ಲಿಸಿದಾರೆ. ಅಲ್ಲಾಡಬಾರದು ಅಂತ ಮೇಲೆ ಬಣ್ಣ ಬೇರೆ ಹಾಕಿದಾರೆ.”

“ಬಣ್ಣ ಅಲ್ಲ, ನನ್ನ ನೈಲ್ ಪಾಲಿಶ್” ಎಂದರು ಅಮ್ಮ ಬಾಗಿಲಲ್ಲಿ ನಿಂತು. “ಹೊಸಾ ಬಾಟ್ಲಿ. ಅದರ ದುಃಖ ನನಗೆ ಇನ್ನೂ ಇದೆ.”

ಇಬ್ಬರೂ ತಿರುಗಿ ನೋಡಿದರು.

“ಇವಳಿಗೆ ಆಗ ಮೂರೋ ನಾಲ್ಕೋ. ಟ್ರಂಪೆಟ್ ಊದಿದ್ರೆ ಸಾಕು, ಮಂಚದ ಕೆಳಗೆ ತೂರ್ಕೊಂಡು ಕಿರುಚೋಳು. ಯಾರಾದ್ರೂ ಜೋರಾಗಿ ನಕ್ಕರೂ ಭಯ. ಮಾರಿಬಿಡಿ ಈ ಡಬ್ಬಾನ ಅಂದೆ ನಾನು. ನಿಮ್ಮಪ್ಪ ಏನ್ ಮಾಡಿದ್ರು ಗೊತ್ತಾ? ಇದೇ ನೆಲದ ಮೇಲೆ ಮಲ್ಕೊಂಡು, ಆ ಸ್ಕ್ರೂನ ಒಂದು ಕೂದಲೆಳೆ ತಿರುಗಿಸೋದು, ‘ಈಗ ಭಯ ಆಗುತ್ತಾ ಪುಟ್ಟಿ?’ ಅನ್ನೋದು. ‘ಆಗುತ್ತೆ’ ಅಂದ್ರೆ ಇನ್ನೊಂದು ಕೂದಲೆಳೆ. ನೀನು ಮಂಚದ ಕೆಳಗಿಂದ ಹೊರಗೆ ಬಂದು ಅವರ ಹೊಟ್ಟೆ ಮೇಲೆ ಕೂತೆ ನೋಡು, ಆಗ ನಿಲ್ಲಿಸಿದ್ರು. ನೈಲ್ ಪಾಲಿಶ್ ತಾ ಅಂದ್ರು.”

“ನನಗೆ ಯಾಕಮ್ಮ ಯಾರೂ ಹೇಳಲಿಲ್ಲ?”

“ನೀನು ಕೇಳಿದ್ಯಾ? ದೊಡ್ಡವಳಾದ್ಲಲ್ಲ, ಇನ್ನು ಸರಿ ಮಾಡ್ರೀ ಅಂದೆ ಒಂದ್ಸಲ. ‘ಅವಳಿಗೆ ಹೀಗೇ ರೂಢಿ, ಇರಲಿ ಬಿಡು’ ಅಂದ್ರು.” ಅಮ್ಮ ಸೆರಗಿಗೆ ಕೈ ಒರೆಸಿಕೊಂಡರು. “ಆ ಮೂರನೇ ಹಾಡಿನ ನಗು ಅಂದ್ರೆ ಅವರಿಗೆ ಪ್ರಾಣ. ಮದುವೆಗೆ ಮುಂಚೆ ನನಗೆ ಮೊದಲು ಕೇಳಿಸಿದ್ದೇ ಅದನ್ನ.”

ಅಮ್ಮ ಒಳಗೆ ಹೋದರು. ಅಪ್ಪ ಪೇಪರು ಕೆಳಗಿಟ್ಟು ತನ್ನ ಮುಖವನ್ನು ಯಾಕೆ ನೋಡುತ್ತಿದ್ದರೆಂದು ಅವಳಿಗೆ ಈಗ ತಿಳಿಯಿತು. ಆ ಗಳಿಗೆಯಲ್ಲಿ ಮಗು ಹೆದರುತ್ತದೋ ಇಲ್ಲವೋ ಎಂದು ನೋಡುತ್ತಿದ್ದರು. ಅವಳು ಬೆಳೆದ ಮೇಲೂ ನೋಡುತ್ತಲೇ ಇದ್ದರು. ತಮಗೆ ಪ್ರಾಣವಾದ ನಗುವನ್ನು ಅವಳಿಗಾಗಿ ಬಿಟ್ಟುಕೊಟ್ಟು, ಒಂದು ಮಾತೂ ಆಡದೆ.

ಕಣ್ಣು ಒರೆಸಿಕೊಳ್ಳಲು ಹೊರಟವಳ ಕೈಗೆ ಅವನು ಟವೆಲ್ಲಿನ ತುದಿ ಕೊಟ್ಟ. ಸ್ಕ್ರೂಡ್ರೈವರನ್ನು ಚೀಲದೊಳಗಿಟ್ಟು ಜಿಪ್ಪು ಎಳೆದ.

“ಇದನ್ನ ನಾನು ಮುಟ್ಟಲ್ಲ. ಒಂದ್ಸಲ ಹಾಕಿ. ನೀವು ಕೇಳಿದ್ದನ್ನ ನಾನೂ ಕೇಳ್ಬೇಕು.”

ಅಕ್ಕಪಕ್ಕ ನೆಲದ ಮೇಲೆ ಕೂತು ಕೇಳಿದರು. ಮೂರನೇ ಹಾಡಿನಲ್ಲಿ ದನಿ ಕಟ್ಟಿಕೊಂಡಿತು, ಪಿಯಾನೊ ಮುಂದೆ ಹೋಯಿತು, ಬಿಕ್ಕಳಿಕೆ ಒಡೆಯಿತು. ಅವನು ಕದಲಲಿಲ್ಲ.

“ಹಡಗು ಸಿಕ್ತು” ಎಂದ ಕೊನೆಗೆ, ತಗ್ಗಿದ ದನಿಯಲ್ಲಿ. ಮತ್ತೆ, ಅವಳ ಕಡೆ ನೋಡದೆ, “ಇವಳು ನಿಮ್ಮನೇಲಿ ಅಳ್ತಾಳೆ, ನಮ್ಮನೇಲಿ ನಗ್ತಾಳೆ. ನನಗೆ ಎರಡೂ ಬೇಕು ಅನ್ನಿಸ್ತಿದೆ. ಈ ಒಂದು ಆಲ್ಬಮ್ಮಿನ ಮಾತಲ್ಲ ನಾನು ಹೇಳ್ತಿರೋದು.”

“ಗೊತ್ತಾಯ್ತು” ಎಂದಳು ಅವಳು. ಬಹಳ ಎಚ್ಚರದಿಂದ ಆರಿಸಿದ ಒಂದೇ ಮಾತು. ಎದ್ದು ರೆಕಾರ್ಡನ್ನು ಕವರಿಗೆ ಸೇರಿಸಿ, ಚಪ್ಪಲಿ ಮೆಟ್ಟಿಕೊಂಡಳು. “ನಡೀರಿ. ನಗೋದನ್ನ ಕೇಳಿಸಿ.”

ಒಳಗಿನಿಂದ ಅಮ್ಮ ಕೂಗಿದರು: “ಬೀಗ ಜಗ್ಗಿ ನೋಡ್ಬೇಡ, ನಾನು ಒಳಗೇ ಇದೀನಿ!”

ಅವನ ಮನೆಯಲ್ಲಿ ಕಿಟಕಿ ತೆರೆದೇ ಇತ್ತು. ಬಾಗಿಲಿಗೆ ಒರಗಿ ಅವನ ಅಕ್ಕ, ಅಕ್ಕನ ಸೆರಗು ಹಿಡಿದು ಪುಟ್ಟ ಮಗಳು. ಇಬ್ಬರೂ ಒಂದೇ ತರ ಕಣ್ಣರಳಿಸಿ ಅವಳನ್ನು ನೋಡಿದರು.

“ಇವರೇನಾ ಹಡಗಿನವರು?” ಎಂದಳು ಅಕ್ಕ.

ಅವನು ಕೇಳಿಸದವನ ಹಾಗೆ ಅಂಗೈ ಒರೆಸಿಕೊಂಡು ಮುಳ್ಳು ಇಳಿಸಿದ. ಹಾಡು ಬೇರೆ ಹುಡುಗಿಯದ್ದೇ ಆಗಿತ್ತು. ಬೆಳಗಿನ ಗಾಳಿಯ ಹಾಗೆ ಓಡುವ ದನಿ, ಹಿಂದೆಯೇ ಮೆಟ್ಟಿಲು ಹಾರಿ ಇಳಿಯುವ ಪಿಯಾನೊ. ಅವಳ ಬೆರಳುಗಳು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದವು. ಎರಡನೆಯದು ಮುಗಿಯಿತು. ಮೂರನೆಯದು ಬಂತು. ದನಿ ತಡೆಯಿತು. ಯಾರೋ ಎದುರಿಗೇ ನಿಂತು ಕಚಗುಳಿಯಿಟ್ಟ ಹಾಗೆ, ಆ ಹುಡುಗಿ ಕಿಲಕಿಲ ನಕ್ಕಳು.

ಅವನು ರೆಕಾರ್ಡನ್ನು ನೋಡುತ್ತಿರಲಿಲ್ಲ. ಅವಳ ಮುಖವನ್ನು ನೋಡುತ್ತಿದ್ದ, ಪೇಪರು ಕೆಳಗಿಟ್ಟವರ ಹಾಗೆ.

“ನಿಧಾನ ಮಾಡ್ಲಾ?” ಎಂದ.

“ಬೇಡ” ಎಂದಳು ಅವಳು, ಕುರ್ಚಿಯ ಅಂಚು ಬಿಟ್ಟು ಅವನ ಕೈ ಹಿಡಿಯುತ್ತ. “ಇನ್ನೊಂದ್ಸಲ ಹಾಕಿ.”