ಹಸಿಂತಾಳ ಹೆಸರು

"ಅದನ್ನ ಮುಟ್ಟಬೇಡಿ."

ಗೋಡೆಯ ಫೋಟೋದತ್ತ ಚಾಚಿದ್ದ ರೆಮೆದಿಯೋಸಳ ಕೈ ಅಲ್ಲೇ ನಿಂತಿತು. ತಿರುಗಿದರೆ, ಬಾಗಿಲಲ್ಲಿ ಆಲ್ಡನ್ ಥ್ಯಾಕರಿ! ಅರಿಝೋನಾದ ಮರುಭೂಮಿಯಲ್ಲಿ ಪಾಳುಬಿದ್ದಿದ್ದ ತನ್ನ ಮುತ್ತಜ್ಜನ ಸಾರೋಟು ನಿಲ್ದಾಣವನ್ನು ದುರಸ್ತಿ ಮಾಡಿಸಿ ಮ್ಯೂಸಿಯಂ ಮಾಡಿದವನು.

"ಇವಳು ನನ್ನ ಮುತ್ತಜ್ಜಿ ಹಸಿಂತಾ," ಎಂದಳು ಅವಳು. "ಕೆಳಗೆ 'ಹೆಸರು ತಿಳಿಯದ ಕೆಲಸದವಳು' ಅಂತ ಬರೆದಿದ್ದೀರಲ್ಲ?"

"ಏನಾದ್ರೂ ದಾಖಲೆ ಇದೆಯಾ?"

"ಅವಳದೇ ಮೂಗು ನನಗೂ ಇದೆ, ಸಾಲದಾ?"

ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ.

ಜ್ವರ ಹರಡಿ ಎಲ್ಲರೂ ಓಡಿಹೋದಾಗ ಹಸಿಂತಾ ಒಬ್ಬಳೇ ನಿಲ್ದಾಣ ನಡೆಸಿದಳೆಂದು ರೆಮೆದಿಯೋಸಳ ಮನೆಯಲ್ಲಿ ಹೇಳುತ್ತಿದ್ದರು. ಇಲ್ಲಿನ ಫಲಕದಲ್ಲಿ ಆ ಹಿರಿಮೆಯೆಲ್ಲ ಆಲ್ಡನ್‌ನ ಮುತ್ತಜ್ಜನ ಪಾಲಾಗಿತ್ತು.

ಮುಂದಿನ ಶನಿವಾರ ಅವಳು ಮುತ್ತಜ್ಜಿಯ ಹೆಸರಿದ್ದ ಚರ್ಚಿನ ದಾಖಲೆ ಹಿಡಿದು ಬಂದಳು. ಗೋಡೆಯ ಮೇಲೆ ಫೋಟೋನೇ ಇರಲಿಲ್ಲ.

"ಚೌಕಟ್ಟು ಸಡಿಲವಾಗಿತ್ತು... ಸರಿಮಾಡ್ತಿದ್ದೀನಿ," ಎಂದ ಆಲ್ಡನ್, ಎತ್ತಲೋ ನೋಡುತ್ತ.

ಆಮೇಲೆ ತಣ್ಣನೆಯ ನಿಂಬೆ ಪಾನಕ ತಂದುಕೊಟ್ಟ. ಅವಳು ಓಡಿಸುವ ಶಾಲಾ ಬಸ್ಸಿನ ಬಗ್ಗೆ ಕೇಳಿದ. ಅವಳ ತಮಾಷೆಗಳಿಗೆ ಮನಸಾರೆ ನಕ್ಕ. ಒಂದು ಗಂಟೆ ಕಳೆದದ್ದು ಇಬ್ಬರಿಗೂ ತಿಳಿಯಲಿಲ್ಲ.

'ಇಷ್ಟು ಚೆನ್ನಾಗಿ ಮಾತಾಡೋನು ಫೋಟೋ ಅಂದ ತಕ್ಷಣ ಯಾಕೆ ತಡವರಿಸ್ತಾನೆ? ನನ್ನನ್ನ ಮರುಳು ಮಾಡ್ತಿದ್ದಾನಾ?'

ಮೂರನೇ ಶನಿವಾರವೂ ಅದೇ ಉತ್ತರ. ನಾಲ್ಕನೇ ಶನಿವಾರ ಅವಳು ಮುಂಬಾಗಿಲಿಗೆ ಹೋಗದೆ ಹಿಂದಿನ ಕುದುರೆ ಲಾಯಕ್ಕೆ ನಡೆದಳು. ಆಲ್ಡನ್ ಮೇಜಿನ ಮೇಲೆ ಫೋಟೋ ಬೋರಲು ಹಾಕಿಕೊಂಡು, ಸಣ್ಣ ಚಾಕುವಿನಿಂದ ಕೆರೆಯುತ್ತಿದ್ದ!

ಅವಳು ನುಗ್ಗಿ ಅವನ ಮಣಿಕಟ್ಟು ಹಿಡಿದಳು. "ಸಿಕ್ಕಿಬಿದ್ರಿ. ಹಾಳು ಮಾಡ್ತಿದ್ದೀರಾ?"

"ಕೈ ಅಲ್ಲಾಡಿಸಬೇಡಿ ರೆಮೆದಿಯೋಸ್... ಹರಿದುಹೋಗುತ್ತೆ."

ಆಗ ಅವಳು ನೋಡಿದಳು. ಫೋಟೋದ ಬೆನ್ನಿಗೆ ಅಂಟಿಸಿದ್ದ ಕಂದು ಕಾಗದ ಮುಕ್ಕಾಲು ಭಾಗ ಎದ್ದಿತ್ತು. ಅದರಡಿಯಲ್ಲಿ ಮಾಸಿದ ಶಾಯಿ: 'ಹಸಿಂತಾ ಉರ್ಕಿದೆಸ್. ಜ್ವರದ ಹನ್ನೊಂದು ತಿಂಗಳು ನಿಲ್ದಾಣ ನಡೆಸಿದವಳು.'

ಅವಳ ಕಣ್ಣು ಮಂಜಾಯಿತು. "ಕಾಗದ ಅಂಟಿಸಿದ್ದು ಯಾರು?"

"ನನ್ನ ಮುತ್ತಜ್ಜ. ಕಾಗದದ ಮೇಲೆ 'ಹೆಸರು ತಿಳಿಯದ ಕೆಲಸದವಳು' ಅಂತ ಬರೆದಿರೋ ಅಕ್ಷರ ಅವನದೇ." ಅವನ ದನಿ ಕುಗ್ಗಿತು. "ನಾಚಿಕೆಯಾಯ್ತು. ಪೂರ್ತಿ ಓದಿ, ಫಲಕ ಬದಲಾಯಿಸಿ, ಆಮೇಲೆ ನಿಮಗೆ ಮುಖ ತೋರಿಸೋಣ ಅಂದ್ಕೊಂಡೆ."

"ಅದಕ್ಕೆ ಮೂರು ವಾರ ಬೇಕಿತ್ತಾ?"

"ಎರಡು ಸಾಕಿತ್ತು... ಮುಗಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ನಿಧಾನ ಮಾಡಿದೆ. ನೀವಂದ್ರೆ ನನಗೆ ಇಷ್ಟ."

ಅವಳು ಇನ್ನೂ ಅವನ ಕೈ ಬಿಟ್ಟಿರಲಿಲ್ಲ.

"ಭಾನುವಾರ ಅಮ್ಮ ತಮಾಲೆ ಕಡುಬು ಮಾಡ್ತಾಳೆ. ಬನ್ನಿ. ನೀವೇ ಅವಳಿಗೆ ಇದನ್ನೆಲ್ಲ ಹೇಳಬೇಕು."

"ನಿಮ್ಮಮ್ಮ ನನ್ನನ್ನ ನಂಬ್ತಾರಾ?"

"ಇಲ್ಲ," ಎಂದಳು ರೆಮೆದಿಯೋಸ್, ಬೆರಳುಗಳನ್ನು ಅವನ ಬೆರಳುಗಳಲ್ಲಿ ಹೆಣೆಯುತ್ತ. "ನಾನು ನಂಬಿದ್ದೀನಿ. ಸದ್ಯಕ್ಕೆ ಅಷ್ಟು ಸಾಕು."